ಬೆಳಕಿಗೊಂದು ಜಾಗ

ರಜೆ ಸಿಕ್ಕರೆ ಕೆಲವರು ತೋಟಕ್ಕಿಳಿಯುತ್ತಾರೆ, ಕೆಲವರು ಅಡುಗೆಮನೆ ಹೊಗುತ್ತಾರೆ. ನಾನು ಪರದೆ ಸರಿಸುತ್ತೇನೆ, ತೂಗುದೀಪದ ವೈರನ್ನು ಗೇಣುದ್ದ ಇಳಿಸುತ್ತೇನೆ, ಕುರ್ಚಿಯನ್ನು ಕಿಟಕಿಯತ್ತ ತುಸು ತಿರುಗಿಸಿ ಕೂತು ನೋಡುತ್ತೇನೆ. ಮನೆಗೆ ಬೆಳಕು ಹೊಂದಿಸುವುದೆಂದರೆ ನನಗೆ ಅಷ್ಟು ಇಷ್ಟ.

ಈ ವಿದ್ಯೆಯ ಮೂಲಪಾಠ ಮಲೆನಾಡಿನ, ಕರಾವಳಿಯ ಹಂಚಿನ ಮನೆಗಳಲ್ಲಿದೆ. ಜಡಿಮಳೆಗೆ ಹೆದರಿ ಮಾಡನ್ನು ತಗ್ಗಿಸಿ ಕಟ್ಟಿದ ಮನೆಯಲ್ಲಿ ಹಗಲೂ ಮಬ್ಬು. ಆ ಮಬ್ಬಿಗೆ ಉಪಾಯ ಒದಗಿಸಿದ್ದು ಕಾರ್ಖಾನೆಯ ಹಂಚು. ಕ್ರೈಸ್ತ ಮಿಷನರಿಗಳ ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ಕಾರ್ಖಾನೆಯ ಹಂಚುಗಳ ಅಳತೆ ಒಂದೇ ಆದ್ದರಿಂದ, ಬೇಕಾದ ಕಡೆ ಒಂದು ಮಣ್ಣಿನ ಹಂಚು ತೆಗೆದು ಗಾಜಿನದನ್ನು ಕೂರಿಸಿದರಾಯಿತು. ಎಲ್ಲಿ ಕೂರಿಸುತ್ತಿದ್ದರು ಅನ್ನುವುದೇ ಜಾಣ್ಮೆ: ಒಲೆಯ ಮುಂದೆ ಒಂದು, ಒರಳಿನ ಮೇಲೊಂದು. ಬೆಳಗಿನ ಬಿಸಿಲುಕೋಲು ಪಶ್ಚಿಮದ ಗೋಡೆಯಿಂದ ಇಳಿಯುತ್ತಾ ನೆಲಕ್ಕೆ ಬರುತ್ತದೆ. ಒಲೆಯ ಹೊಗೆ ಅದನ್ನು ಹಾಯುವಾಗ ನೀಲಿಯಾಗಿ ಸುರುಳಿ ಸುತ್ತಿಕೊಂಡು, ಆಚೆ ದಾಟಿದ ಕೂಡಲೇ ಮಾಯವಾಗುತ್ತದೆ. ಅದನ್ನು ನೋಡುತ್ತಾ ಎಷ್ಟು ಹೊತ್ತು ಕೂತರೂ ನನಗೆ ಬೇಸರವಿಲ್ಲ.

ಬೆಂಗಳೂರಿನ ಮನೆಗಳಲ್ಲಿ ಗಾಜಿನ ಹಂಚಿನ ಕೆಲಸವನ್ನು ಕಿಟಕಿಗಳಿಂದ ಮಾಡಿಸಬೇಕು. ಊರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ತುಸು ಉತ್ತರಕ್ಕೆ ಸರಿದಿರುತ್ತಾನೆ. ಡಿಸೆಂಬರಿನಲ್ಲಿ ತೆಂಕಣಕ್ಕೆ ವಾಲಿ ದಕ್ಷಿಣದ ಕಿಟಕಿಯೊಳಗೆ ಕಾಲು ಚಾಚುತ್ತಾನೆ. ಪಶ್ಚಿಮದ ಸಂಜೆಬಿಸಿಲು ಬಲು ಖಾರ, ಅದಕ್ಕೆ ಬಿದಿರಿನ ತಟ್ಟಿಯೇ ಸೈ. ವರ್ಷದ ಬಹುಪಾಲು ಸಮನಾಗಿ ಬೆಳಗುವುದು ಉತ್ತರದ ಕಿಟಕಿ. ಓದುವ ಮೇಜನ್ನು ಅಲ್ಲಿಡಬೇಕು, ಬೆಳಕು ಎಡಗಡೆಯಿಂದ ಬೀಳುವಂತೆ. ಆಗ ಬಲಗೈಯಲ್ಲಿ ಬರೆಯುವವರಿಗೆ ಕೈಯ ನೆರಳು ಅಕ್ಷರದ ಮೇಲೆ ಬೀಳುವುದಿಲ್ಲ. ಎದುರುಗೋಡೆಗೆ ಬಿಳಿ ಸುಣ್ಣ ಬಳಿದರೆ ಮೂಲೆಮೂಲೆಯೂ ತಿಳಿಯಾಗುತ್ತದೆ.

ಕತ್ತಲಾದ ಮೇಲಿನ ಲೆಕ್ಕವೇ ಬೇರೆ. ಹಾಲಿನ ನಡುವೆ ಒಂದು ಟ್ಯೂಬ್‌ಲೈಟ್ ಹಾಕಿದರೆ ಎಲ್ಲವೂ ಕಾಣುತ್ತದೆ, ಆದರೆ ಯಾವ ಕೆಲಸಕ್ಕೂ ಸಾಲುವುದಿಲ್ಲ. ಅಡುಗೆಮನೆಯಲ್ಲಿ ದೀಪ ಬೆನ್ನ ಹಿಂದಿದ್ದರೆ ತರಕಾರಿ ಹೆಚ್ಚುವವರ ನೆರಳು ಮಣೆಯ ಮೇಲೆಯೇ ಬೀಳುತ್ತದೆ. ಕಪಾಟಿನ ಅಡಿಗೆ ಒಂದು ಎಲ್‌ಇಡಿ ಪಟ್ಟಿ ಅಂಟಿಸಿ ನೋಡಿ, ಮೆಣಸಿನಕಾಯಿಯ ಬೀಜವನ್ನೂ ಎಣಿಸಬಹುದು. ಬಲ್ಬಿಗೂ ಪುಸ್ತಕಕ್ಕೂ ಇರುವ ದೂರ ಅರ್ಧವಾದರೆ ಹಾಳೆಯ ಮೇಲಿನ ಬೆಳಕು ಹೆಚ್ಚುಕಡಿಮೆ ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ಹೆಚ್ಚು ವ್ಯಾಟ್‌ನ ಬಲ್ಬು ತರುವ ಮೊದಲು ನಾನು ದೀಪವನ್ನು ಕೆಳಗಿಳಿಸುತ್ತೇನೆ.

ಬಲ್ಬಿನ ಡಬ್ಬಿಯನ್ನೂ ಓದಬೇಕು. 2700 ಕೆಲ್ವಿನ್ ಎಂದಿದ್ದರೆ ಹಳೇ ಬಲ್ಬಿನ ಹೊಂಬಣ್ಣ, ಮಲಗುವ ಮನೆಗೆ ಹಿತ. 6500 ಎಂದಿದ್ದರೆ ನೀಲಿಛಾಯೆಯ ಬಿಳಿ. ಜೊತೆಗೆ ಸಿಆರ್‌ಐ ಎಂಬ ಅಂಕಿಯಿದ್ದರೆ 90ಕ್ಕೆ ಕಡಿಮೆಯಿಲ್ಲದ್ದನ್ನು ಆರಿಸುತ್ತೇನೆ. ಅಂಥ ಬೆಳಕಿನಲ್ಲಿ ಇಳಕಲ್ ಸೀರೆಯ ಸೆರಗಿನ ಕೆಂಪು ಕೆಂಪಾಗಿಯೇ ಕಾಣುತ್ತದೆ. ಅಗ್ಗದ ಬಲ್ಬಿನಡಿ ಅದೇ ಸೆರಗು ಮಂಕು.

ಮನೆ ಕಟ್ಟಿಸುವ ಸ್ನೇಹಿತರಿಗೆ ನಾನು ಹೇಳುವುದಿಷ್ಟೇ: ವೈರಿಂಗ್‌ನವರು ಬರುವ ಮುನ್ನ, ಮನೆಯಲ್ಲಿ ಯಾರು ಎಲ್ಲಿ ಕೂತು ಏನು ಮಾಡುತ್ತಾರೆಂದು ಒಂದು ಹಾಳೆಯಲ್ಲಿ ಬರೆದಿಡಿ. ಅಜ್ಜಿ ಹೂ ಕಟ್ಟುವ ಮೂಲೆ, ಮಗು ಬರೆಯುವ ಮೇಜು, ಅಕ್ಕಿ ಆರಿಸುವ ಜಾಗ, ಒಂದೊಂದಕ್ಕೂ ಒಂದೊಂದು ಸ್ವಿಚ್ಚು ಇರಲಿ. ಮಿಕ್ಕ ಕಡೆ ತುಸು ಮಬ್ಬಿದ್ದರೆ ಮನೆಗೇನೂ ಕೊರತೆಯಿಲ್ಲ.