ಒಡವೆಯ ಹಿಂಬದಿ

ಅಕ್ಕಸಾಲಿಗ ಅಕ್ಕನ ಚಿನ್ನವನ್ನೂ ಬಿಡುವುದಿಲ್ಲ ಎಂಬ ಗಾದೆಯೊಂದು ನಮ್ಮಲ್ಲಿದೆ. ಏಳನೆಯ ತರಗತಿಯವರೆಗೆ ಉರ್ದು ಶಾಲೆಯಲ್ಲಿ ಓದಿ ಎಂಟನೆಯದಕ್ಕೆ ಕನ್ನಡ ಶಾಲೆ ಸೇರಿದ ನಾವು ಅಲ್ಲಿ ಬಾಯಿಪಾಠ ಮಾಡಿದ ಮೊದಲ ಹತ್ತಿಪ್ಪತ್ತು ಗಾದೆಗಳಲ್ಲಿ ಇದೂ ಒಂದು. ಒಂದಿಡೀ ಸಮುದಾಯವನ್ನು ಒಂದೇ ಸಾಲಿನಲ್ಲಿ ಕಳ್ಳರನ್ನಾಗಿ ಮಾಡಿಬಿಡುವ ಮಾತಿನ ಪೆಟ್ಟು ಎಂಥದ್ದೆಂದು ನಮ್ಮಂಥವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಈ ಗಾದೆಯಿಂದ ನಿಜವಾಗಿ ಲಾಭ ಮಾಡಿಕೊಂಡವರು ಈ ಕಾಲದ ದೊಡ್ಡ ಒಡವೆ ಮಳಿಗೆಯವರು. ಊರ ಬಾಗಿಲಲ್ಲೇ ಸಿನಿಮಾ ನಟಿಯೊಬ್ಬಳು ಫಲಕದ ಮೇಲೆ ನಿಂತು 'ನಂಬಿಕೆ' ಎನ್ನುತ್ತಾಳೆ. ಆ ಒಂದು ಪದದ ಹಿಂದೆ, ನಿಮ್ಮೂರಿನ ಅಕ್ಕಸಾಲಿಯನ್ನು ನಂಬಬೇಡಿ ಎಂಬ ಹಳೆಯ ಗಾದೆಯೇ ಅಡಗಿ ಕುಳಿತಿದೆ.

ಕರಾವಳಿಯಲ್ಲಿ ಆಚಾರಿ, ಶೇಟ್, ಹಳೆ ಮೈಸೂರಿನ ಕಡೆ ಅಕ್ಕಸಾಲಿ, ನಮ್ಮ ವಿಜಯಪುರದ ಕಡೆ ಪತ್ತಾರ, ಸೊನಗಾರ, ಉರ್ದುವಿನಲ್ಲಿ ಸುನಾರ್, ಇನ್ನೂ ನಯವಾಗಿ ಹೇಳಬೇಕೆಂದರೆ ಜರ್‌ಗರ್. ಇಷ್ಟೊಂದು ಹೆಸರುಗಳಿರುವ ಈ ಮನುಷ್ಯನ ಸ್ವಂತ ಹೆಸರು ಮಾತ್ರ ಅವನು ಮಾಡಿದ ಒಡವೆಯ ಮೇಲೆ ಎಲ್ಲಿಯೂ ಇರುವುದಿಲ್ಲ. ಇತ್ತೀಚೆಗೆ ನಮ್ಮ ಪರಿಚಯದ ಹೆಣ್ಣುಮಕ್ಕಳು ಮದುವೆಯ ಮಾತು ಬಂದಾಗಲೆಲ್ಲ ಕೇಳುವುದುಂಟು: ಎಲ್ಲರ ಕೊರಳಲ್ಲೂ ಕಾಣುವಂಥದ್ದು ಬೇಡ, ಹೆಚ್ಚು ಜನಕ್ಕೆ ಗೊತ್ತಿರದ ಒಳ್ಳೆಯ ಡಿಸೈನರ್ ಯಾರಾದರೂ ಇದ್ದಾರೆಯೇ ಎಂದು. ಇದ್ದಾರೆ. ಆದರೆ ಅವರನ್ನು ಹುಡುಕುವ ದಾರಿ ಬೇರೆ. ಆ ದಾರಿ ನಮಗೆ ತಿಳಿದದ್ದು ನಮ್ಮ ಅಮ್ಮಿಯ ಲಚ್ಛಾದಿಂದ.

ದಖ್ಖನಿ ಮುಸ್ಲಿಮರ ಮದುವೆಯಲ್ಲಿ ಹುಡುಗಿಯ ಕೊರಳಿಗೆ ಬೀಳುವುದು ಕಾಲಿ ಪೋತ್ ಲಚ್ಛಾ. ಪೋತ್ ಎಂದರೆ ಸಾಸಿವೆಗಿಂತ ಒಂದಿಷ್ಟು ದಪ್ಪನೆಯ ಗಾಜಿನ ಕರಿಮಣಿ, ಲಚ್ಛಾ ಎಂದರೆ ಎಳೆಗಳ ಗೊಂಚಲು. ನೆರೆಮನೆಯ ಹಿಂದೂ ಗೆಳತಿಯರ ಕರಿಮಣಿ ಸರಕ್ಕೂ ಇದಕ್ಕೂ ಮಣಿ ಒಂದೇ, ಮಣಿ ಮಾರುವ ಅಂಗಡಿಯೂ ಒಂದೇ. ಅಮ್ಮಿಯದು ಐದೆಳೆಯ ಲಚ್ಛಾ. ನಡುನಡುವೆ ಇಪ್ಪತ್ತೇಳು ಚಿನ್ನದ ಗುಂಡುಗಳು, ಎದೆಯ ಮೇಲೆ ಒಂದು ಪದಕ. 1971ರಲ್ಲಿ ಅವರ ಮದುವೆಗೆ ಮಾಡಿಸಿದ್ದು. ಅಮ್ಮಿ ತೀರಿಕೊಂಡ ಮೇಲೆ ನಾವು ಮೂವರು ಅಕ್ಕತಂಗಿಯರ ನಡುವೆ ಉಳಿದ ಚಿನ್ನವೆಂದರೆ ಅದೊಂದೇ. ಕೊನೆಯ ಎರಡು ವರ್ಷ ಅಮ್ಮಿಯನ್ನು ನೋಡಿಕೊಂಡವರು ದೊಡ್ಡ ಆಪಾ. ಎಲ್ಲರಿಗಿಂತ ಬರಿಗೈಯಲ್ಲಿ ಮದುವೆಯಾಗಿ ಹೋದವಳು ಚಿಕ್ಕವಳು. ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಬಾಯಿಬಿಟ್ಟು ಕೇಳದಿರುವುದೇ ಮನೆಯಲ್ಲಿ ಭಾರವಾಗತೊಡಗಿತು.

ಮೊದಲು ಹೋದದ್ದು ನಗರದ ದೊಡ್ಡ ಮಳಿಗೆಯೊಂದಕ್ಕೆ. ಸಮವಸ್ತ್ರದ ಹುಡುಗಿ ಗುಂಡುಗಳನ್ನು ಯಂತ್ರದ ಕೆಳಗಿಟ್ಟು ನೋಡಿ ವಿನಯದಿಂದಲೇ ಹೇಳಿದಳು, "ಇದರೊಳಗೆ ಅರಗು ತುಂಬಾ ಇದೆ ಮೇಡಂ. ಕರಗಿಸಿದರೇನೇ ನೆಟ್ ತೂಕ ಗೊತ್ತಾಗೋದು. ಅದೇ ತೂಕಕ್ಕೆ ಮೂರು ಬ್ಲ್ಯಾಕ್ ಬೀಡ್ಸ್ ಚೈನು ತಗೊಂಡುಬಿಡಿ, ಮೂರೂ ಒಂದೇ ಥರ ಇರುತ್ತೆ." ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಉತ್ತರ ಕರ್ನಾಟಕದ ಬೋರಮಾಳದ ಹಾಗೆ, ಕೊಡವರ ಜೋಮಾಲೆಯ ಹಾಗೆ, ಈ ಗುಂಡುಗಳೂ ಟೊಳ್ಳು. ತೆಳ್ಳನೆಯ ಚಿನ್ನದ ತಗಡನ್ನು ಅಚ್ಚಿನಲ್ಲಿ ಒತ್ತಿ, ಎರಡು ಅರ್ಧಗಳನ್ನು ಬೆಸೆದು, ಒಳಗೆ ಅರಗು ತುಂಬುತ್ತಾರೆ. ಕಡಿಮೆ ಚಿನ್ನದಲ್ಲಿ ತುಂಬಿದ ಕೊರಳು ಕಾಣಲಿ ಎಂದು ಬಡವರ ಮನೆಗಳಿಗಾಗಿ ಯಾರೋ ಜಾಣರು ಕಂಡುಕೊಂಡ ಉಪಾಯ ಅದು. ತೂಕದಲ್ಲೇ ಎಲ್ಲವನ್ನೂ ಅಳೆಯುವ ತಕ್ಕಡಿಗೆ ಅದು ಬರೀ ಕಲಬೆರಕೆಯಾಗಿ ಕಾಣುತ್ತದೆ. "ಕರಗಿದ ಮೇಲೆ ಅಮ್ಮಿ ಎಲ್ಲಿ?" ಎಂದರು ಆಪಾ. ಲಚ್ಛಾ ಡಬ್ಬಿಗೆ ಮರಳಿತು.

ಪತ್ತಾರ ಕಾಕಾರ ಅಂಗಡಿ ನಮ್ಮೂರ ಓಣಿಯೊಂದರಲ್ಲಿ, ನಾಲ್ಕು ಹೆಜ್ಜೆ ಅಗಲದ ಕೋಣೆ. ಫಲಕವಿಲ್ಲ. ಅಗ್ಗಿಷ್ಟಿಕೆ, ಊದುಕೊಳವೆ, ಚಿಮಟ, ಒರೆಗಲ್ಲು, ಎದುರಿಗೆ ಬಂದವರಿಗೆಂದು ಒಂದು ಚಾಪೆ. ಎಪ್ಪತ್ತು ದಾಟಿದ ಕಾಕಾ ಲಚ್ಛಾವನ್ನು ಕೈಗೆ ತೆಗೆದುಕೊಂಡು ಮಾಡಿದ ಮೊದಲ ಕೆಲಸವೆಂದರೆ ಪದಕವನ್ನು ತಿರುವಿ ಅದರ ಹಿಂಬದಿ ನೋಡಿದ್ದು. ಕನ್ನಡಕ ಹಣೆಗೇರಿಸಿ, ಕಣ್ಣಿಗೆ ತೀರಾ ಹತ್ತಿರ ಹಿಡಿದು ನೋಡಿದರು. "ಇದು ನಮ್ಮಪ್ಪನ ಬೆಸಿಗಿ ಐತ್ರೆವಾ" ಎಂದರು. ಬೆಸುಗೆ ಹಾಕಿದ ಕಡೆ ಅರವನ್ನು ಒಂದೇ ದಿಕ್ಕಿಗೆ ಎಳೆದು ನಯ ಮಾಡುವುದು ಅವರ ತಂದೆಯ ರೂಢಿಯಂತೆ. ಮುಂಬದಿಯ ಹೂ ಬಳ್ಳಿ ಯಾರು ಬೇಕಾದರೂ ಮಾಡಿಯಾರು, ಕೈ ಯಾರದೆಂದು ಹೇಳುವುದು ಹಿಂಬದಿ ಎಂದರು. "ಇದನ್ನ ಕರಗಸಬ್ಯಾಡ್ರೆವಾ. ಹಿಂಥಾ ಗುಂಡು ಈಗ ಯಾರೂ ಮಾಡಂಗಿಲ್ಲ."

ಇಲ್ಲಿ ಹಾಲ್‌ಮಾರ್ಕಿನ ಮಾತು ಬರಲೇಬೇಕು. ನಮ್ಮ ದೇಶದಲ್ಲಿ ಚಿನ್ನದ ಒಡವೆಗೆ ಬಿಐಎಸ್ ಹಾಲ್‌ಮಾರ್ಕ್ ಕಡ್ಡಾಯವಾದದ್ದು 2021ರ ಜೂನ್ 16ರಿಂದ, ಮೊದಲಿಗೆ 256 ಜಿಲ್ಲೆಗಳಲ್ಲಿ. 2023ರ ಏಪ್ರಿಲ್ 1ರಿಂದ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಸಂಖ್ಯೆ ಇಲ್ಲದ ಹಾಲ್‌ಮಾರ್ಕ್ ಒಡವೆ ಮಾರುವಂತಿಲ್ಲ. ತ್ರಿಕೋನದ ಬಿಐಎಸ್ ಗುರುತು, 22 ಕ್ಯಾರೆಟ್ ಆದರೆ 916, 18 ಆದರೆ 750 ಎಂಬ ಶುದ್ಧತೆಯ ಅಂಕಿ, ಆಮೇಲೆ ಈ ಸಂಖ್ಯೆ. ಅದನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿದರೆ ಶುದ್ಧತೆ, ಪರೀಕ್ಷೆ ಮಾಡಿದ ಕೇಂದ್ರ, ಹಾಲ್‌ಮಾರ್ಕ್ ಹಾಕಿಸಿದ ಜ್ಯುವೆಲರ್ ಎಲ್ಲವೂ ತಿಳಿಯುತ್ತದೆ. ಒಳ್ಳೆಯ ವ್ಯವಸ್ಥೆ. ಗಾದೆಯ ಬಾಯಿ ಮುಚ್ಚಿಸಲು ಇದಕ್ಕಿಂತ ಒಳ್ಳೆಯ ಸಾಧನ ಬೇರೆ ಇಲ್ಲ. ಆದರೆ ಇಷ್ಟೆಲ್ಲ ಹೇಳುವ ಆ ಸಂಖ್ಯೆ, ಒಡವೆಯನ್ನು ಮಾಡಿದವನು ಯಾರೆಂದು ಹೇಳುವುದಿಲ್ಲ. ಲಂಡನ್ನಿನಲ್ಲಿ 1363ರ ಕಾನೂನೇ ಪ್ರತಿಯೊಬ್ಬ ಅಕ್ಕಸಾಲಿ ಯಜಮಾನನೂ ತನ್ನ ಗುರುತನ್ನು ತನ್ನ ಕೆಲಸದ ಮೇಲೆ ಒತ್ತಬೇಕೆಂದು ವಿಧಿಸಿತ್ತು. ನಮ್ಮಲ್ಲಿ ಏಳು ಶತಮಾನ ಕಳೆಯುತ್ತ ಬಂದರೂ ಆ ಜಾಗ ಖಾಲಿ ಇದೆ.

ಇನ್ನೊಂದು ತೊಡಕು. ವರ್ಷಕ್ಕೆ 40 ಲಕ್ಷ ರೂಪಾಯಿಗಿಂತ ಕಡಿಮೆ ವಹಿವಾಟಿರುವವರಿಗೆ, ಎರಡು ಗ್ರಾಂಗಿಂತ ಕಡಿಮೆ ತೂಕದ ಒಡವೆಗೆ, ಕುಂದಣ, ಪೋಲ್ಕಿ, ಜಡಾವು ಕೆಲಸಕ್ಕೆ ಈ ಕಡ್ಡಾಯದಿಂದ ವಿನಾಯಿತಿ ಇದೆ. ಕಾಕಾರಂಥವರಿಗೆ ಅದು ಉಪಕಾರವಾಗಬೇಕಿತ್ತು. ಆದದ್ದು ಉಲ್ಟಾ. ಗುರುತು ಇಲ್ಲ ಎಂದರೆ ಚಿನ್ನವೇ ಅಲ್ಲ ಎನ್ನುವ ಗಿರಾಕಿಗಳೇ ಹೆಚ್ಚಾದರು. ಆದರೆ ಸಾಮಾನ್ಯ ಗ್ರಾಹಕರೂ ತಮ್ಮ ಒಡವೆಯನ್ನು ಬಿಐಎಸ್ ಮಾನ್ಯತೆಯ ಪರೀಕ್ಷಾ ಕೇಂದ್ರಕ್ಕೆ ಒಯ್ದು ಶುಲ್ಕ ಕೊಟ್ಟು ಪರೀಕ್ಷೆ ಮಾಡಿಸಿಕೊಳ್ಳಬಹುದು ಎಂಬುದು ಬಹಳ ಜನರಿಗೆ ತಿಳಿಯದು. ನಾವು ಅಮ್ಮಿಯ ಪದಕವನ್ನು ಹುಬ್ಬಳ್ಳಿಗೆ ಒಯ್ದು ನೋಡಿಸಿದೆವು. ಇಪ್ಪತ್ತೆರಡು ಕ್ಯಾರೆಟ್ಟಿಗೆ ಕೂದಲೆಳೆಯಷ್ಟು ಕಡಿಮೆ ಬಂತು. ಬೆಸುಗೆಯ ಲೋಹದ ಲೆಕ್ಕ ತೆಗೆದರೆ ಅಷ್ಟೇ ಇರಬೇಕು. ಅಕ್ಕನ ಚಿನ್ನವನ್ನಲ್ಲ, ಯಾರೋ ಒಬ್ಬ ಮುಸ್ಲಿಂ ಮಾಸ್ತರರ ಮಗಳ ಚಿನ್ನವನ್ನು ಕಾಕಾರ ತಂದೆ ಐವತ್ತು ವರ್ಷಗಳ ಹಿಂದೆ ಹಾಗೆ ಕಾಪಾಡಿದ್ದರು.

ಆ ತಂದೆಯ ಕತೆಯನ್ನು ಕಾಕಾ ಗುಂಡು ಬಿಡಿಸುತ್ತಲೇ ಹೇಳಿದರು. 1962ರ ಚೀನಾ ಯುದ್ಧದ ಬೆನ್ನಿಗೇ, 1963ರ ಜನವರಿಯಲ್ಲಿ, ಆಗಿನ ಹಣಕಾಸು ಸಚಿವ ಮೊರಾರ್ಜಿ ದೇಸಾಯಿಯವರು ಚಿನ್ನ ನಿಯಂತ್ರಣದ ನಿಯಮಗಳನ್ನು ತಂದರು. ಹದಿನಾಲ್ಕು ಕ್ಯಾರೆಟ್ಟಿಗಿಂತ ಶುದ್ಧವಾದ ಒಡವೆ ಮಾಡುವಂತಿಲ್ಲ ಎಂದಾಯಿತು. ಅಷ್ಟು ಬೆರಕೆಯ ಚಿನ್ನ ಹಳ್ಳಿಯ ಅಕ್ಕಸಾಲಿಯ ಕೈಗೆ ಬಗ್ಗುವುದಿಲ್ಲ, ಹಳ್ಳಿಯ ಹೆಂಗಸರಿಗೆ ಅದು ಬೇಕಾಗಿಯೂ ಇರಲಿಲ್ಲ. ದೇಶದ ಉದ್ದಗಲಕ್ಕೂ ಅಕ್ಕಸಾಲಿಗರು ಕೆಲಸ ಕಳೆದುಕೊಂಡರು, ಪ್ರಾಣ ಕಳೆದುಕೊಂಡವರೂ ಉಂಟು. ಕಾಕಾರ ತಂದೆ ಆ ಕೆಲವು ವರ್ಷ ಸಂತೆಯಲ್ಲಿ ಉಳ್ಳಾಗಡ್ಡಿ ಮಾರಿದರಂತೆ. ಮುಂದೆ ಹದಿನಾಲ್ಕು ಕ್ಯಾರೆಟ್ಟಿನ ಕಟ್ಟು ಸಡಿಲಾಯಿತು. ಆದರೆ 1968ರಲ್ಲಿ ನಿಯಂತ್ರಣವೇ ಕಾಯ್ದೆಯಾಗಿ ಬಂದು 1990ರವರೆಗೆ ಉಳಿಯಿತು. ಈಗಿನ ತಮಾಷೆ ನೋಡಿ. 2025ರ ಏಪ್ರಿಲ್‌ನಲ್ಲಿ ಹತ್ತು ಗ್ರಾಂ ಚಿನ್ನದ ಬೆಲೆ ಒಂದು ಲಕ್ಷ ರೂಪಾಯಿ ಮುಟ್ಟಿತು, ಜುಲೈನಲ್ಲಿ ಒಂಬತ್ತು ಕ್ಯಾರೆಟ್ಟಿನ ಒಡವೆಗೂ ಹಾಲ್‌ಮಾರ್ಕ್ ಬಂತು. ಅಂದು ಸರಕಾರ ಬಲವಂತವಾಗಿ ಹೇರಿದ್ದನ್ನು ಇಂದು ದಿನಬಳಕೆಯ ಹಗುರ ಒಡವೆ ಎಂದು ಮಾರುವ ಹೊಸ ಡಿಸೈನರುಗಳೇ ಬಂದಿದ್ದಾರೆ.

ಆ ಹೊಸಬರ ಮೇಲೆ ನಮಗೆ ಸಿಟ್ಟೇನೂ ಇಲ್ಲ. ದೊಡ್ಡ ಮಳಿಗೆಗಳ ಅಚ್ಚಿನ ಒಡವೆಗಿಂತ ಅವರ ಬೆಳ್ಳಿಯ ಜುಮುಕಿಗಳಲ್ಲಿ ಕಣ್ಣಿಗೆ ಕೆಲಸವಿದೆ. ನಮ್ಮ ತಕರಾರು ಒಂದೇ. 'ಟ್ರೈಬಲ್' ಎಂದು ಚೀಟಿ ಅಂಟಿಸಿ ಮಾರುವ ಸರದ ಮೂಲ ಯಾವುದೋ ಲಂಬಾಣಿ ತಾಂಡಾದ ಘೂಗ್ರಿ, ಟೋಪ್ಲಿ. ಚೀಟಿಯ ಮೇಲೆ ಡಿಸೈನರ್ ಹೆಸರಿದೆ, ತಾಂಡಾದ ಹೆಸರಿಲ್ಲ, ಬೆಳ್ಳಿ ಬಡಿದವನ ಹೆಸರಂತೂ ಕೇಳಲೇಬೇಡಿ. ಜೈಪುರದ ಆಮ್ರಪಾಲಿ 1978ರಲ್ಲಿ ಶುರುವಾದಾಗ ಅದೂ ಯಾರಿಗೂ ಗೊತ್ತಿರದ ಹೆಸರೇ. ರಾಜೀವ್ ಅರೋರಾ, ರಾಜೇಶ್ ಅಜ್ಮೇರಾ ಎಂಬ ಇತಿಹಾಸದ ಇಬ್ಬರು ವಿದ್ಯಾರ್ಥಿಗಳು ಹಳೆಯ ಒಡವೆಗಳನ್ನು ಹುಡುಕಿ ಸಂಗ್ರಹಿಸುತ್ತ ಕಟ್ಟಿದ್ದು ಅದು. ಇಂದು ಆ ಹೆಸರು ದೊಡ್ಡದು, ಆ ಸಂಗ್ರಹಕ್ಕೆ ಜೈಪುರದಲ್ಲಿ ಮ್ಯೂಸಿಯಮ್ಮೂ ಇದೆ. ಕರಗಿ ಹೋಗಬಹುದಾಗಿದ್ದ ಎಷ್ಟೋ ಬೆಳ್ಳಿ ಅಲ್ಲಿ ಉಳಿದಿದೆ ಎಂಬುದಕ್ಕೆ ಅವರಿಗೆ ಶುಕ್ರಿಯಾ ಹೇಳಲೇಬೇಕು. ಮಾಡಿದವರ ಹೆಸರು ಮಾತ್ರ ಅಷ್ಟು ತಡವಾಗಿ ಹುಡುಕಿದರೆ ಸಿಗುವಂಥದ್ದಲ್ಲ.

ಬೀದರಿನಲ್ಲಿ ಮಾತ್ರ ಇದಕ್ಕೊಂದು ಅಪವಾದ ಕಂಡೆವು. ಸತುವಿಗೆ ಒಂದಿಷ್ಟು ತಾಮ್ರ ಬೆರೆಸಿ ಎರಕ ಹೊಯ್ದು, ಕೊರೆದ ಚಿತ್ತಾರದಲ್ಲಿ ಬೆಳ್ಳಿಯ ತಂತಿ ಕೂಡಿಸಿ, ಕೋಟೆಯ ಮಣ್ಣು ಮತ್ತು ನವಸಾಗರದ ಲೇಪ ಹಚ್ಚಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಹುಕ್ಕಾ, ಹೂದಾನಿಗಳ ಆ ಬಿದ್ರಿ ಕಲೆಯಲ್ಲಿ ಈಗ ಪದಕ, ಓಲೆಗಳೂ ಬರುತ್ತಿವೆ. 2023ರಲ್ಲಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂದಾಗ ಕುಶಲಕರ್ಮಿಯೊಬ್ಬನ ಹೆಸರನ್ನು ನಾಡು ಬಾಯಿತುಂಬ ಹೇಳಿತು. ಅಲ್ಲಿ ಅಂಗಡಿಗೆ ಹೋದರೆ ಇದು ಯಾರ ಕೈ ಎಂದು ಕೇಳಬಹುದು, ಕೇಳಿದರೆ ಉತ್ತರ ಸಿಗುತ್ತದೆ.

ಅದೇ ಪ್ರಶ್ನೆಯನ್ನು ಎಲ್ಲ ಕಡೆಯೂ ಕೇಳಿ ಎಂದು ನಾವು ಹುಡುಗಿಯರಿಗೆ ಹೇಳುತ್ತೇವೆ. ಒಡವೆಯನ್ನು ತಿರುವಿ ಹಿಂಬದಿ ನೋಡಿ, ಕೊಂಡಿ ಮತ್ತು ತಿರುಪು ನೋಡಿ. ಅವಸರದ ಕೆಲಸ ಅಲ್ಲೇ ಸಿಕ್ಕಿಬೀಳುತ್ತದೆ. ಕಲ್ಲಿನ ತೂಕ, ಅರಗಿನ ತೂಕ, ಚಿನ್ನದ ತೂಕ ಬೇರೆ ಬೇರೆಯಾಗಿ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಮಾಡುವವನು ಚಿಕ್ಕವನೋ ದೊಡ್ಡವನೋ, ಮುರಿದರೆ ರಿಪೇರಿ ಮಾಡಿಕೊಡುವಿರಾ ಎಂದು ಕೇಳಿ. ಹೊಸದನ್ನೇ ತಗೊಳ್ಳಿ ಎನ್ನುವವನ ಅಂಗಡಿಯಲ್ಲಿ ಬಹುಶಃ ಮಾಡುವ ಕೈ ಇಲ್ಲ. ವೇಸ್ಟೇಜ್ ಎಂದು ಶೇಕಡಾ ಹದಿನೆಂಟು ಹಾಕಿದರೆ, ಇಪ್ಪತ್ತು ಗ್ರಾಂ ಸರಕ್ಕೆ ಮೂರೂವರೆ ಗ್ರಾಂಗೂ ಹೆಚ್ಚು ಚಿನ್ನದ ಹಣವನ್ನು ಕೊರಳಿಗೆ ಬಾರದ ಚಿನ್ನಕ್ಕೆ ಕೊಟ್ಟಂತೆ. ಅದರಲ್ಲಿ ಎಷ್ಟು ಪಾಲು ಮಾಡಿದವನಿಗೆ ಹೋಯಿತು ಎಂದು ಕೇಳುವ ಹಕ್ಕು ಕೊಳ್ಳುವವರಿಗಿದೆ. ಬೆಂಗಳೂರಿನ ನಗರ್ತಪೇಟೆಯ ಗಲ್ಲಿಗಳ ಮಾಳಿಗೆಗಳಲ್ಲಿ ಗ್ರಾಂ ಲೆಕ್ಕದ ಮಜೂರಿಗೆ ಬಾಗಿ ಕುಳಿತ ಬಂಗಾಳದ ಹುಡುಗರನ್ನು ಕಂಡವರಿಗೆ ಆ ಪ್ರಶ್ನೆ ತಾನಾಗಿಯೇ ಬರುತ್ತದೆ.

ಕಾಕಾ ನಮ್ಮ ಲಚ್ಛಾವನ್ನು ಮೂರು ಮಾಡಿಕೊಟ್ಟರು. ತಲಾ ಒಂಬತ್ತು ಗುಂಡು. ಹೊಸ ಪೋತ್ ತಂದು ರೇಷ್ಮೆಯ ದಾರದಲ್ಲಿ ಪೋಣಿಸಿ ಗೊಂಡೆ ಕಟ್ಟಿದ್ದು ಪಟವೇಗಾರರ ಮನೆಯ ಹೆಂಗಸೊಬ್ಬರು. ಉಳಿದದ್ದು ಪದಕ. ಇನ್ನೆರಡು ಹೊಸದು ಮಾಡಿಕೊಡಲೇ ಎಂದು ಕೇಳಿ, ತಾವೇ ತಲೆಯಾಡಿಸಿ, "ಮಾಡಿದ್ರ ಅವು ನನ್ನವು ಆಗ್ತಾವ, ನಿಮ್ಮವ್ವಾರವು ಆಗಂಗಿಲ್ಲ" ಎಂದರು. ಒಂದು ವಾರ ಸುಮ್ಮನಿಟ್ಟುಕೊಂಡು, ಮೂರೂ ಲಚ್ಛಾಗಳಿಗೆ ಒಂದೇ ಅಳತೆಯ ತಿರುಪಿನ ಕೊಂಡಿ ಕೂಡಿಸಿದರು. ಪದಕ ಯಾವುದಕ್ಕೆ ಬೇಕಾದರೂ ಬಿಗಿಯುತ್ತದೆ, ಬಿಚ್ಚಿ ಇನ್ನೊಬ್ಬರಿಗೆ ಕೊಡಬಹುದು. ಈಗ ಯಾರ ಮನೆಯಲ್ಲಿ ಮದುವೆಯೋ ಅವರ ಕೊರಳಲ್ಲಿ ಪದಕ. ಕಳೆದ ಚಳಿಗಾಲದಿಂದ ಅದು ಚಿಕ್ಕವಳ ಬಳಿ ಇದೆ. ದೊಡ್ಡ ಆಪಾ ಇನ್ನೂ ವಾಪಸು ಕೇಳಿಲ್ಲ.

ಕೂಲಿಯನ್ನು ಕಾಕಾ ಹಳೆಯ ಲಗ್ನಪತ್ರಿಕೆಯ ಹಿಂದೆ ಪೆನ್ಸಿಲ್ಲಿನಲ್ಲಿ ಬರೆದುಕೊಟ್ಟರು. ಅವರ ಮಗ ಬ್ಯಾಂಕೊಂದರಲ್ಲಿ ಅಡವಿನ ಚಿನ್ನವನ್ನು ಒರೆಗೆ ಹಚ್ಚಿ ನೋಡುವ ಅಪ್ರೈಸರ್. ಒರೆಗಲ್ಲು ಮಾತ್ರ ಮನೆತನದ್ದು, ಅಗ್ಗಿಷ್ಟಿಕೆಯ ಮುಂದೆ ಅವನು ಕುಳಿತದ್ದಿಲ್ಲ. ಆ ಮೂರು ಕೊಂಡಿಗಳ ಹಿಂಬದಿಗೆ ನಿಮ್ಮ ಹೆಸರು ಒತ್ತಿಕೊಡಿ ಕಾಕಾ ಎಂದು ನಾವು ಕೇಳಿದ್ದೇವೆ. ತಮ್ಮ ಬಳಿ ಅಕ್ಷರದ ಅಚ್ಚು ಇಲ್ಲ, ಇದುವರೆಗೆ ಬೇಕಾಗಿಯೂ ಇರಲಿಲ್ಲ, ಹುಬ್ಬಳ್ಳಿಯಲ್ಲಿ ಮಾಡಿಸಬೇಕು ಎಂದಿದ್ದಾರೆ. ಕನ್ನಡದಲ್ಲಿ ಮಾಡಿಸಲೋ ಇಂಗ್ಲಿಷಿನಲ್ಲೋ ಎಂದು ಮೊನ್ನೆ ಫೋನಿನಲ್ಲಿ ಕೇಳುತ್ತಿದ್ದರು.