ಕಿತ್ತು ನೆಟ್ಟ ನಂದಿಬಟ್ಟಲು

ಇಷ್ಟಲಿಂಗ ಪೂಜೆಗೆ ಹೂ ಬೇಕೆಂದರೆ ಇಂದು ಚೀಲ ಹಿಡಿದು ಪೇಟೆಗೆ ನಡೆಯುವವರೇ ಹೆಚ್ಚು. ಹಿತ್ತಿಲಲ್ಲಿ ನಾಲ್ಕು ಹೂಗಿಡಗಳಿದ್ದ ಮನೆಗಳಲ್ಲಿ ನಸುಕಿನ ಪೂಜೆಯು ಗಿಡದ ಬುಡದಿಂದಲೇ ಆರಂಭವಾಗುತ್ತಿತ್ತು. ಮಠದ ಪಾಠಶಾಲೆಯಲ್ಲಿದ್ದಾಗ ಕಣಗಿಲೆ, ದಾಸವಾಳಗಳನ್ನು ಬುಟ್ಟಿಗೆ ತುಂಬುವ ಸರದಿ ನಮಗೂ ಬರುತ್ತಿತ್ತು. ಹೂ ಬಿಡಿಸುವುದನ್ನು ಅಲ್ಲಿ ಕಲಿತೆವು. ಗಿಡವನ್ನು ಸಲಹುವ ವಿದ್ಯೆ ಮಾತ್ರ ಬಹಳ ತಡವಾಗಿ, ತಪ್ಪು ಮಾಡಿದ ಮೇಲೆ ದಕ್ಕಿತು.

2016ರ ಬೇಸಿಗೆಯಲ್ಲಿ ಹಳ್ಳಿಯ ಮನೆಯನ್ನು ಬಿಟ್ಟು ಧಾರವಾಡದಲ್ಲಿ ನೆಲೆಸಲು ನಿಶ್ಚಯಿಸಿದೆವು. ಅವ್ವನಿಗೆ ಆಗ ಎಂಬತ್ತು ಸಮೀಪಿಸಿತ್ತು. ತಂದೆಯವರು ಲಿಂಗೈಕ್ಯರಾದ ವರುಷ ಆಕೆ ಹಿತ್ತಿಲಲ್ಲಿ ಒಂದು ದುಂಡುಮಲ್ಲಿಗೆಯನ್ನೂ ಒಂದು ನಂದಿಬಟ್ಟಲನ್ನೂ ನೆಟ್ಟಿದ್ದಳು. “ಗಿಡ ಬಂದ್ರ ನಾನೂ ಬರ್ತೀನಿ” ಎಂದಷ್ಟೇ ಹೇಳಿದಳು.

ನಾವು ಅವಸರಪಟ್ಟೆವು. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಮಲ್ಲಿಗೆಯನ್ನು ಅಗೆಸಿ, ಧಾರವಾಡಕ್ಕೆ ತಂದು ನೆಡಿಸಿದೆವು. ಮೊಗ್ಗು ತುಂಬಿದ ಟೊಂಗೆಗಳಿಗೆ ಕತ್ತರಿ ತಾಗಿಸಲು ಮನಸ್ಸಾಗಲಿಲ್ಲ. ಹತ್ತು ದಿನಗಳಲ್ಲಿ ಗಿಡ ಒಣಗಿ ಕಡ್ಡಿಯಾಯಿತು. ಸುದ್ದಿ ಕೇಳಿದ ಅವ್ವ ಕೋಪಿಸಿಕೊಳ್ಳಲಿಲ್ಲ. “ಬೇರು ಕಡದು ಟೊಂಗಿ ಉಳಿಸಿದ್ರ ಗಿಡ ಏನ್ ಕುಡದು ಬದುಕಬೇಕಪ್ಪಾ?” ಎಂದಳು.

ಶಾಸ್ತ್ರ ಓದಿದ ನಮಗೆ ಆ ಮಾತು ಪಾಠವಾಯಿತು. ನೀರು ಹೀರುವುದು ಬೇರಿನ ತುದಿಯ ಎಳೆಗಳು. ಅಗೆಯುವಾಗ ಮೊದಲು ಹರಿಯುವವು ಅವೇ. ಎಲೆಗಳಾದರೋ ಬಿಸಿಲಿಗೆ ನೀರನ್ನು ಬಿಡುತ್ತಲೇ ಇರುತ್ತವೆ. ಬೇರು ಕಡಿಮೆಯಾದಷ್ಟು ಎಲೆಯೂ ಕಡಿಮೆಯಾಗಬೇಕು. ಕತ್ತರಿಸಲಾರದ ನಮ್ಮ ಕನಿಕರವೇ ಮಲ್ಲಿಗೆಯನ್ನು ಕೊಂದಿತ್ತು. ಅದು ಹೊಸ ಚಿಗುರಿನಲ್ಲಿ ಹೂಬಿಡುವ ಗಿಡ. ನವೆಂಬರ್ ಕೊನೆಗೆ ನೆಲದಿಂದ ಒಂದು ಮೊಳ ಬಿಟ್ಟು ಸವರಿದರೆ, ಮಾರ್ಚ್ ಹೊತ್ತಿಗೆ ಮೊಗ್ಗು ತುಂಬುತ್ತದೆ.

ನಂದಿಬಟ್ಟಲಿನ ವಿಷಯದಲ್ಲಿ ಅವ್ವನ ಮಾತಿನಂತೆಯೇ ನಡೆದೆವು. ಮೊದಲು ಕಾಂಡದಿಂದ ಒಂದು ಮೊಳ ದೂರದಲ್ಲಿ ಅರ್ಧ ಸುತ್ತು ಅಗೆದು, ಅಡ್ಡ ಬಂದ ಬೇರುಗಳನ್ನು ಹರಿತವಾದ ಕುಡುಗೋಲಿನಿಂದ ಕತ್ತರಿಸಿ, ತಿಪ್ಪೆಗೊಬ್ಬರ ಬೆರೆಸಿದ ಮಣ್ಣು ತುಂಬಿ ನೀರುಣಿಸಿದೆವು. ತಿಂಗಳ ತರುವಾಯ ಉಳಿದರ್ಧ ಸುತ್ತು. ಹೀಗೆ ಮಾಡಿದರೆ ಗಿಡವು ಕೀಳುವ ಮುನ್ನವೇ ಬುಡದ ಹತ್ತಿರ ಹೊಸ ಬೇರು ಬಿಡುತ್ತದೆ. ಆ ಎರಡು ತಿಂಗಳು ಅವ್ವ ಹಳ್ಳಿಯಲ್ಲೇ ಉಳಿದು ನಿತ್ಯ ನೀರೆರೆದಳು.

ಆರಿದ್ರಾ ಮಳೆ ಹಿಡಿದ ಮೇಲೆ ಒಣಗಿದ, ಒಂದಕ್ಕೊಂದು ತಿಕ್ಕುವ ಟೊಂಗೆಗಳನ್ನು ತೆಗೆದು, ಉಳಿದವನ್ನು ಅರ್ಧಕ್ಕೆ ಸವರಿದೆವು. ಕತ್ತರಿಸಿದಲ್ಲಿ ಹಾಲು ಒಸರುತ್ತದೆ. ಅದು ಕಣ್ಣಿಗೆ ತಾಗದಂತೆ ಎಚ್ಚರ ಬೇಕು. ಬುಡದ ಮಣ್ಣು ಉದುರದಂತೆ ಒದ್ದೆಯ ಗೋಣಿತಟ್ಟಿನಲ್ಲಿ ಬಿಗಿದು, ಮೋಡ ಕವಿದ ಸಂಜೆ ಧಾರವಾಡಕ್ಕೆ ತಂದು, ಮೊದಲಿದ್ದಷ್ಟೇ ಆಳದಲ್ಲಿ ನೆಟ್ಟೆವು. ಅದೇ ಗಾಡಿಯಲ್ಲಿ ಅವ್ವನೂ ಬಂದಳು.

ಮೊದಲು ಎಲೆಗಳು ಉದುರಿದಾಗ ನಮಗೆ ಮತ್ತೆ ಅಂಜಿಕೆಯಾಯಿತು. ಶ್ರಾವಣದಲ್ಲಿ ಕಾಂಡದ ಗೆಣ್ಣುಗಳಲ್ಲಿ ಹಸಿರು ಕಣ್ಣು ತೆರೆಯಿತು. ದೀಪಾವಳಿಗೆ ಬಿಳಿ ಹೂ ಅರಳಿತು.

ಹಿರಿಯರನ್ನು ಪಟ್ಟಣಕ್ಕೆ ಕರೆತರುವ ಮಕ್ಕಳಿಗೆ, ಸೊಸೆಯನ್ನು ಮನೆ ತುಂಬಿಸಿಕೊಳ್ಳುವ ಅತ್ತೆ-ಮಾವಂದಿರಿಗೆ ನಮ್ಮ ವಿಜ್ಞಾಪನೆ ಇಷ್ಟೇ: ಬುಡದ ಮಣ್ಣನ್ನು ಕೊಡವಿಹಾಕಬೇಡಿರಿ, ಚಿಗುರಲು ಸಮಯ ಕೊಡಿರಿ. ಅವ್ವ ಐದು ವರುಷ ಆ ಹೂಗಳನ್ನೇ ಬಿಡಿಸಿ ಪೂಜೆ ಮಾಡಿದಳು. 2021ರಲ್ಲಿ ಆಕೆ ಲಿಂಗೈಕ್ಯಳಾದಾಗ ನಾವು ಪೇಟೆಯಿಂದ ಹೂ ತರಿಸಲಿಲ್ಲ. ಹಿತ್ತಿಲ ಗಿಡ ಸಾಕಷ್ಟು ಕೊಟ್ಟಿತು.