ಐದೂವರೆ ಬಸ್ಸು, ನೂರು ಪಾಯಿಂಟು

ಬಳ್ಳಾರಿಯಲ್ಲಿ ಪತ್ರಿಕೋದ್ಯಮ ಓದುವಾಗ ನಾವು ಮೂವರು ಒಂದು ಬಾಡಿಗೆ ರೂಮಿನಲ್ಲಿದ್ದೆವು. ನಾಲ್ಕನೆಯವನು ಸಿರುಗುಪ್ಪದ ಕಡೆಯ ರೈತರ ಮಗ, ಸಿವಿಲ್ ಇಂಜಿನಿಯರಿಂಗ್ ವಿದ್ಯಾರ್ಥಿ. ಪ್ರತಿ ಸೆಮಿಸ್ಟರಿನಲ್ಲೂ ಒಂದಾದರೂ ಸಬ್ಜೆಕ್ಟು ಬಾಕಿ ಉಳಿಸಿಕೊಳ್ಳುತ್ತಿದ್ದ. ಅವನಿಗೆ ಬೇಗ ಕೆಲಸ ಸಿಗುತ್ತದೆ ಎಂದು ನಮಗೇ ನಂಬಿಕೆ ಇರಲಿಲ್ಲ.

ವಿಟಿಯು ಕಾಲೇಜುಗಳಲ್ಲಿ ಎಐಸಿಟಿಇ ಆಕ್ಟಿವಿಟಿ ಪಾಯಿಂಟ್ ಎಂಬ ನಿಯಮವಿದೆ. ನಾಲ್ಕು ವರ್ಷ ಓದುವವರು 100, ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಸೇರುವವರು 75 ಪಾಯಿಂಟ್ ಗಳಿಸಬೇಕು. ಊರಿನ ನೀರು, ನೈರ್ಮಲ್ಯ, ಸಣ್ಣ ಉದ್ಯೋಗ, ಇಂಥ ಕೆಲಸಗಳಲ್ಲಿ ತೊಡಗಬೇಕು. ಸಿಜಿಪಿಎಗೆ ಇದು ಸೇರುವುದಿಲ್ಲ. ಹಾಗಾಗಿ ಎಷ್ಟೋ ಮಂದಿ ಒಂದು ಸಸಿ ನೆಟ್ಟು, ಫೋಟೊ ತೆಗೆಸಿಕೊಂಡು ಮುಗಿಸಿಬಿಡುತ್ತಾರೆ.

ನಮ್ಮ ಗೆಳೆಯ ಮಾತ್ರ ತನ್ನೂರಿನ ಕಾಲುವೆ ಹಿಡಿದುಕೊಂಡ. ತುಂಗಭದ್ರಾ ನೀರು ಕಾಲುವೆಯ ಕೊನೆಯ ಹೊಲಗಳಿಗೆ ಯಾಕೆ ಸರಿಯಾಗಿ ತಲುಪುವುದಿಲ್ಲ ಎಂಬುದು ಅವರ ಮನೆಯ ಹಳೇ ಜಗಳ. ನಾಲ್ಕೈದು ಮಂದಿಯ ತಂಡ ಕಟ್ಟಿ ಅಳತೆಗೆ ಇಳಿದ. ಇಪ್ಪತ್ತು ಮೀಟರ್ ಗುರುತು ಹಾಕಿ, ನಿಂಬೆಹಣ್ಣು ತೇಲಿಬಿಟ್ಟು, ಮೊಬೈಲಿನಲ್ಲಿ ಸೆಕೆಂಡ್ ಎಣಿಸುತ್ತಿದ್ದರು. ಮೇಲಿನ ನೀರು ತಳದ ನೀರಿಗಿಂತ ಜೋರಾಗಿ ಹರಿಯುವುದರಿಂದ, ಬಂದ ವೇಗವನ್ನು ಸುಮಾರು 0.85ರಿಂದ ಗುಣಿಸಬೇಕು. ಅದನ್ನು ಕಾಲುವೆಯ ಅಗಲ ಮತ್ತು ನೀರಿನ ಆಳದಿಂದ ಗುಣಿಸಿದರೆ ಎಷ್ಟು ನೀರು ಹೋಗುತ್ತಿದೆ ಎಂಬುದು ಸಿಗುತ್ತದೆ. ಪುಸ್ತಕದಲ್ಲಿ ಎರಡು ಸಲ ಫೇಲಾದ ಲೆಕ್ಕ ಅವನಿಗೆ ದಂಡೆಯ ಮೇಲೆ ಅರ್ಥವಾಯಿತು.

ಇಂಟರ್‌ವ್ಯೂನಲ್ಲಿ ಅಂಕಪಟ್ಟಿ ನೋಡಿದವರು ಮುಖ ಸಣ್ಣದು ಮಾಡಿದರಂತೆ. ಆಮೇಲೆ, "ನೀನೇ ಕೈಯಾರೆ ಮಾಡಿದ್ದು ಏನಾದ್ರೂ ಇದೆಯಾ?" ಎಂದು ಕೇಳಿದರು. ಅವನು ಕಾಲುವೆಯ ಕಥೆ ಹೇಳಿದ. ಈಗ ಕುಡಿಯುವ ನೀರಿನ ಪೈಪ್‌ಲೈನ್ ಹಾಕುವ ಕಂಪನಿಯಲ್ಲಿದ್ದಾನೆ.

ನಾವು ಹೆಮ್ಮೆಯಿಂದ ನಮ್ಮ ಪ್ರಾಯೋಗಿಕ ಪತ್ರಿಕೆಯಲ್ಲಿ ಅವನ ಮೇಲೆ ಅರ್ಧ ಪುಟ ಬರೆದೆವು. ಅದನ್ನು ಓದಿ ಕುರುಗೋಡಿನಿಂದ ಒಬ್ಬಳು ಫೋನ್ ಮಾಡಿದಳು. ಅವನ ಕ್ಲಾಸ್‌ಮೇಟ್, ತರಗತಿಗೇ ಮೊದಲಿಗಳು.

"ಚೆನ್ನಾಗಿ ಬರ್ದೀರಣ್ಣ. ಆದ್ರೆ ಆ ಟೀಮಿಗೆ ನಾನೂ ಹೆಸರು ಕೊಟ್ಟಿದ್ದೆ, ಅದು ನಿಮಗೆ ಗೊತ್ತೈತೇನು?"

ಗೊತ್ತಿರಲಿಲ್ಲ. ನಾವು ಕೇಳಿಯೇ ಇರಲಿಲ್ಲ.

ತಂಡ ಸೇರುತ್ತಿದ್ದದ್ದು ಸಂಜೆ ಐದಕ್ಕೆ. ಅವಳ ಬಸ್ಸು ಐದೂವರೆಗೆ. ಅದು ತಪ್ಪಿದರೆ ಮನೆ ಮುಟ್ಟುವಾಗ ಕತ್ತಲಾಗುತ್ತದೆ, ಮರುದಿನ ಕಾಲೇಜಿಗೆ ಕಳಿಸುವುದೇ ಅನುಮಾನ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಬಸ್ ಚಾರ್ಜಿನ ಚಿಂತೆ ತಪ್ಪಿತ್ತು. "ಟಿಕೆಟ್ ಫ್ರೀ ಆತಣ್ಣ, ಸಂಜಿ ಫ್ರೀ ಆಗಲಿಲ್ಲ" ಎಂದಳು. ಅವಳ ನೂರು ಪಾಯಿಂಟೂ ಸಸಿಯ ಫೋಟೊಗಳಲ್ಲೇ ಮುಗಿದವು. ಇಂಟರ್‌ವ್ಯೂನಲ್ಲಿ ಅದೇ ಪ್ರಶ್ನೆ ಬಂದಾಗ ಹೇಳಲು ಏನೂ ಇರಲಿಲ್ಲ. ಈಗ ಮನೆಯಲ್ಲಿ ಟ್ಯೂಷನ್ ಹೇಳುತ್ತಾ ಪರೀಕ್ಷೆಗಳಿಗೆ ಅರ್ಜಿ ಹಾಕುತ್ತಿದ್ದಾಳೆ.

ಹಳ್ಳಿಯಿಂದ ಬಂದು ಪತ್ರಿಕೋದ್ಯಮ ಓದಿದ ನಮಗೇ ಆ ಬಸ್ಸು ಕಾಣಲಿಲ್ಲವಲ್ಲ ಎಂದು ನಾಚಿಕೆಯಾಯಿತು. ತರಗತಿಯ ಹೊರಗಿನ ಕಲಿಕೆಯೇ ಕೆಲಸ ಕೊಡಿಸುತ್ತದೆ ಎಂದು ಬರೆದಿದ್ದೆವು. ಅದು ಸುಳ್ಳಲ್ಲ. ಆದರೆ ಸಂಜೆ ಉಳಿಯಬಲ್ಲವರಿಗಷ್ಟೇ ಅದು ಸಿಕ್ಕರೆ, ರೂಮು ಮಾಡಿಕೊಂಡವನಿಗೆ ಒಂದು ದಾರಿ, ಬಸ್ಸಿನಲ್ಲಿ ಓಡಾಡುವವಳಿಗೆ ಇನ್ನೊಂದು ದಾರಿ ಆಗುತ್ತದೆ.

ನಿಯಮ ತೆಗೆದು ಓದಿದರೆ, ಪಾಯಿಂಟ್ ಕೆಲಸವನ್ನು ವಾರದ ಕೊನೆಯಲ್ಲಿ, ರಜೆಯಲ್ಲಿ, ತಮ್ಮ ಅನುಕೂಲದಂತೆ ಮಾಡಬಹುದು ಎಂದೇ ಇದೆ. ಭಾನುವಾರ ತಮ್ಮೂರಿನಲ್ಲೇ ಮಾಡಬಹುದಿತ್ತು. ಇದನ್ನು ಅವಳಿಗೆ ಮೊದಲ ವರ್ಷವೇ ಯಾರಾದರೂ ಹೇಳಬೇಕಿತ್ತು. ಮೇಷ್ಟ್ರುಗಳು ತಂಡದ ಸಭೆಯನ್ನು ಮಧ್ಯಾಹ್ನದ ಊಟದ ಬಿಡುವಿಗೆ ತಂದರೂ ಸಾಕು. ಈಗ ಓದುತ್ತಿರುವ ತಂಗಿ ತಮ್ಮಂದಿರೇ, ನೀವಾದರೂ ಕೇಳಿ ತಿಳಿದುಕೊಳ್ಳಿ.

ಕಳೆದ ಭಾನುವಾರ ಕುರುಗೋಡಿಗೆ ಹೋಗಿದ್ದೆವು. ಕಾಲುವೆ ದಂಡೆಯ ಮೇಲೆ ಅವಳ ಕೈಯಲ್ಲಿ ಟೇಪು, ನಮ್ಮ ಕೈಯಲ್ಲಿ ನಿಂಬೆಹಣ್ಣು. ಡಿಗ್ರಿ ಮುಗಿದಿದೆ, ಪಾಯಿಂಟು ಬೇಕಿಲ್ಲ. ಆದರೂ ಈ ಸಲದ ವರದಿಯನ್ನು ಅವಳೇ ಬರೆಯುತ್ತಾಳೆ.